ಪ್ಲಾಸ್ಟಿಕ್ ಆಂಕರ್ ನಂಬಿ ಹಿಡಿಕೆ ಹಾಕಿಸಬೇಡಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ಹಿರಿಯರಿಗಾಗಿ ಬಚ್ಚಲುಮನೆಯಲ್ಲಿ ಹಿಡಿಕೆ ಹಾಕಿಸಿ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದ್ದು ಸರಿ. ಆದರೆ ಡ್ರೈವಾಲ್‌ಗೆ ಪ್ಲಾಸ್ಟಿಕ್ ಆಂಕರ್ ಹೊಡೆದು ಸ್ಕ್ರೂ ಬಿಗಿದರೆ ಸಾಕು ಎಂದಿರುವುದು ಅಪಾಯದ ಸಲಹೆ.

ಡ್ರೈವಾಲ್ ನಮ್ಮೂರಿನ ಇಟ್ಟಿಗೆ ಗೋಡೆಯಲ್ಲ. ಎರಡು ಕಾಗದದ ಪದರಗಳ ನಡುವೆ ಜಿಪ್ಸಮ್ ಇರುವ, ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ ಹಲಗೆ, ಅದರ ಹಿಂಬದಿ ಬಹುಪಾಲು ಪೊಳ್ಳು. ಟವೆಲ್ ನೇತುಹಾಕಲು ಆ ಆಂಕರ್ ಸಾಕು. ಕಾಲು ಜಾರಿದವರು ಮಾತ್ರ ಇಡೀ ಮೈಭಾರವನ್ನು ಒಮ್ಮೆಲೇ ಹಿಡಿಕೆಯ ಮೇಲೆ ಬಿಡುತ್ತಾರೆ. ಜಿಪ್ಸಮ್ ಪುಡಿಯಾಗಿ, ಆಂಕರ್ ಸಮೇತ ಹಿಡಿಕೆ ಕಿತ್ತು ಕೈಗೇ ಬರುತ್ತದೆ. ಸಾರ್ವಜನಿಕ ಕಟ್ಟಡಗಳ ಹಿಡಿಕೆಗೆ ಅಲ್ಲಿನ ಅಂಗವಿಕಲರ ಕಾಯ್ದೆಯ (ಎಡಿಎ) ಮಾನದಂಡ ಕೇಳುವ ತಾಳಿಕೆ 250 ಪೌಂಡ್, ಅಂದರೆ ಸುಮಾರು 113 ಕಿಲೋ. ಮನೆಯಲ್ಲಿರುವ ಅಮ್ಮನಿಗೆ ಅದಕ್ಕಿಂತ ಕಡಿಮೆ ಏಕೆ?

ಹಿಡಿಕೆಯ ಸ್ಕ್ರೂ ಕೂರಬೇಕಾದದ್ದು ಗೋಡೆಯೊಳಗಿನ ಮರದ ನಿಲುಗಂಬಗಳಿಗೆ, ಅಂದರೆ ಸ್ಟಡ್‌ಗಳಿಗೆ. ಅವು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ. ಅವುಗಳ ಮುಖದ ಅಗಲ ಒಂದೂವರೆ ಇಂಚು ಮಾತ್ರ. ಆದ್ದರಿಂದ ತುದಿಗೆ ಮೂರು ತೂತಿರುವ ಹಿಡಿಕೆಯಲ್ಲಿ ಹಲವು ಸಲ ಪ್ರತಿ ತುದಿಯ ಎರಡೇ ಸ್ಕ್ರೂ ಮರಕ್ಕೆ ಕೂರುತ್ತವೆ. ಹಿಡಿಕೆಯ ಎರಡೂ ತುದಿ ಸ್ಟಡ್‌ಗೆ ಸಿಗುವಂತೆ ಬೇಕಾದರೆ ಓರೆಯಾಗಿ ಕೂರಿಸಿ. ಸ್ಟಡ್ ಸಿಗದಿದ್ದರೆ ಗೋಡೆ ಬಿಚ್ಚಿಸಿ ಅಡ್ಡಮರ ಕೊಡಿಸಿ. ಅದಾಗದಿದ್ದರೆ ಪೊಳ್ಳುಗೋಡೆಯ ಹಿಡಿಕೆಗೆಂದೇ ತಯಾರಾದ, ತಾಳಿಕೆ ನಮೂದಿಸಿದ ಆಂಕರ್ ಮಾತ್ರ ಬಳಸಿ. ಗಾಳಿ ಹೀರಿ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆ ಮೈಭಾರಕ್ಕಲ್ಲ.

ಆ ಲೇಖನ ಓದಿ ಹಿಡಿಕೆ ಹಾಕಿಸಿದವರು ದಯವಿಟ್ಟು ಇವತ್ತೇ ಅದನ್ನು ಬಿಚ್ಚಿ, ಸ್ಕ್ರೂ ಮರಕ್ಕೆ ಕೂತಿದೆಯೇ ನೋಡಿ.