ಕುಂತಿಯ ಮಾತು ಕೇಳಲು ಯಾರಿದ್ದರು?

ಮಕ್ಕಳು ಓದುವುದೇ ಇಲ್ಲ ಎಂದು ಕೊರಗುವ ತಂದೆ-ತಾಯಂದಿರು ಒಂದು ಕಡೆ. ಓದುತ್ತಾರೆ ನಿಜ, ಆದರೆ ಏನು ಓದುತ್ತಾರೋ ಎಂದು ದಿಗಿಲುಪಡುವವರು ಇನ್ನೊಂದು ಕಡೆ. ಈ ಎರಡನೆಯವರ ದಿಗಿಲಿಗೆ ಕಾರಣವಾಗುವ ಪುಸ್ತಕವನ್ನು ದೂರದಿಂದಲೇ ಗುರುತಿಸಬಹುದು. ಇಟ್ಟಿಗೆಯಷ್ಟು ದಪ್ಪ, ಒಂದಾದ ಮೇಲೊಂದು ಸಂಪುಟ, ಮುಖಪುಟದಲ್ಲಿ ಮಿಂಚು ಹಿಡಿದು ನಿಂತ ಹುಡುಗಿಯೋ ಹುಡುಗನೋ.

ಫ್ರೇಜರ್ ಟೌನ್ ಎಂದೇ ಅನೇಕರ ಬಾಯಲ್ಲಿ ಉಳಿದಿರುವ ಪುಲಿಕೇಶಿನಗರದಲ್ಲಿ, ಮಾಸ್ಕ್ ರೋಡಿನ ಆಸುಪಾಸು ಒಂದು ಮನೆ ಎಂದಿಟ್ಟುಕೊಳ್ಳಿ. ಬೇರೆ ಯಾವ ಬಡಾವಣೆಯ ಮನೆಯೂ ಆದೀತು. ಎಂಟನೇ ತರಗತಿಯ ಮಗಳು ಮೂರನೆಯ ಸಂಪುಟದಲ್ಲಿ ಮುಳುಗಿದ್ದಾಳೆ. ಗಣಿತದ ಕಿರುಪರೀಕ್ಷೆ ಮುಗಿದು ಎರಡು ವಾರವಾದರೂ ಅಂಕದ ಸುದ್ದಿಯಿಲ್ಲ. "ಈ ಮಾಯ-ಮಂತ್ರ ಓದಿ ಯಾವ ಪರೀಕ್ಷೆ ಪಾಸಾಗ್ತೀಯೆ?" ಎಂದು ಅಮ್ಮ ಪುಸ್ತಕ ಕಿತ್ತುಕೊಳ್ಳುತ್ತಾಳೆ. ಪುಟಗಳ ನಡುವಿನಿಂದ ನಾಲ್ಕಾಗಿ ಮಡಚಿದ ಉತ್ತರಪತ್ರಿಕೆ ಕೆಳಗೆ ಬೀಳುತ್ತದೆ. 25ಕ್ಕೆ 9.

ತಪ್ಪು ಪುಸ್ತಕದ್ದೇ? ತೀರ್ಪು ಕೊಡುವ ಮೊದಲು ಅದರೊಳಗೆ ಏನಿದೆಯೆಂದು ನೋಡುವುದು ನ್ಯಾಯ.

ಅದು ಅಮೆರಿಕದ ಲೇಖಕಿ ರೋಶನಿ ಚೋಕ್ಷಿ ಅವರ 'ಆರು ಶಾ' ಸರಣಿ ಎನ್ನೋಣ. 2018ರಿಂದ 2022ರವರೆಗೆ ಐದು ಸಂಪುಟಗಳು ಬಂದಿವೆ. ಪಾಂಡವರು ನಮ್ಮ ಕಾಲದಲ್ಲಿ ಹುಡುಗಿಯರಾಗಿ ಹುಟ್ಟಿಬಂದರೆ ಹೇಗೆ ಎಂಬುದು ಕಥೆಯ ಬೀಜ. ಹನ್ನೆರಡು ವರ್ಷದ ಆರು ಶಾಲೆಯಲ್ಲಿ ಜಂಬ ಕೊಚ್ಚಿಕೊಳ್ಳುವವಳು. ಅವಳ ತಾಯಿಗೆ ವಸ್ತುಸಂಗ್ರಹಾಲಯವೊಂದರ ಉಸ್ತುವಾರಿ. ಅಲ್ಲಿನ ಶಾಪಗ್ರಸ್ತ ದೀಪವನ್ನು ಹಚ್ಚಿ ತೋರಿಸು ಎಂದು ಸಹಪಾಠಿಗಳು ಸವಾಲು ಹಾಕುತ್ತಾರೆ. ಮುಟ್ಟಬೇಡ ಎಂದಿದ್ದ ದೀಪವನ್ನು ಆರು ಹಚ್ಚುತ್ತಾಳೆ. ಕೇಡಿನ ಶಕ್ತಿಯೊಂದು ಬಿಡುಗಡೆಯಾಗಿ, ತಾಯಿ ನಿಂತಲ್ಲೇ ಶಿಲೆಯಂತಾಗುತ್ತಾಳೆ. ತಾನು ಇಂದ್ರನ ಮಗಳೆಂದು ಆರುವಿಗೆ ಗೊತ್ತಾಗುವುದು ಆಮೇಲೆ. ಶಕ್ತಿ ಕೈಗೆ ಬರುವ ಹೊತ್ತಿಗೆ ತಪ್ಪು ಒಪ್ಪಿಕೊಳ್ಳೋಣವೆಂದರೆ ಅಮ್ಮನ ಕಿವಿ ಕೇಳುವ ಸ್ಥಿತಿಯಲ್ಲಿಲ್ಲ.

ಈ ಕಥೆ ನಮಗೇನು ಹೊಸದೆ? ಪಂಪನಿಂದ ಯಕ್ಷಗಾನದ ಭಾಗವತರವರೆಗೆ ಎಲ್ಲರೂ ಹೇಳಿದ ಕುಂತಿಯ ಕಥೆಯನ್ನು ನೆನೆಯಿರಿ. ಹರೆಯಕ್ಕೆ ಕಾಲಿಟ್ಟ ಹುಡುಗಿ. ದೂರ್ವಾಸರು ಕೊಟ್ಟ ಮಂತ್ರ. ನಿಜವೋ ಸುಳ್ಳೋ ನೋಡೇಬಿಡೋಣ ಎಂಬ ಕುತೂಹಲ. ಸೂರ್ಯ ಬಂದ, ಮಗು ಕೈಗೆ ಬಂತು. ಗಾಬರಿಯಾದ ಹುಡುಗಿ ಹೆತ್ತವರಿಗಾಗಲಿ ಸಾಕಿದವರಿಗಾಗಲಿ ಹೇಳಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಆ ಗುಟ್ಟು ತನ್ನ ಮಕ್ಕಳಿಗೆ ಅವಳ ಬಾಯಿಂದ ತಿಳಿದದ್ದು ಕರ್ಣ ರಣರಂಗದಲ್ಲಿ ಸತ್ತ ಮೇಲೆ. ಕುಂತಿ ಕೆಟ್ಟದ್ದು ಮಂತ್ರದಿಂದಲೋ, ಹೇಳಿಕೊಳ್ಳಲು ಒಬ್ಬರೂ ಇಲ್ಲದ್ದರಿಂದಲೋ?

ಮಕ್ಕಳು ಈ ಸರಣಿಗಳಿಗೆ ಅಂಟಿಕೊಳ್ಳುವ ಕಾರಣ ಇಲ್ಲಿದೆ. ಮೈಯೂ ಮನಸ್ಸೂ ದಿನಕ್ಕೊಂದು ಬಗೆಯಾಗುವ ವಯಸ್ಸು ಅದು. ತನ್ನೊಳಗೆ ಏನೋ ಆಗುತ್ತಿದೆ, ಮನೆಯವರಿಗೆ ಹೇಳಿದರೆ ಅರ್ಥವಾಗದು ಎಂಬ ಭಾವನೆ. ಕಥೆಯ ಹುಡುಗ ಹುಡುಗಿಯರ ಪಾಡೂ ಅದೇ. ಅಮೆರಿಕದಲ್ಲಿ ಮಾಸ್ತರರಾಗಿದ್ದ ರಿಕ್ ರಿಯೋರ್ಡನ್, ಓದಲು ಕಷ್ಟಪಡುತ್ತಿದ್ದ ತಮ್ಮ ಮಗನಿಗೆ ರಾತ್ರಿ ಮಲಗುವಾಗ ಹೇಳಿದ ಕಥೆಯೇ 2005ರಲ್ಲಿ 'ಪರ್ಸಿ ಜಾಕ್ಸನ್' ಸರಣಿಯ ಮೊದಲ ಪುಸ್ತಕವಾಯಿತು. ಪರ್ಸಿಗೂ ಅಕ್ಷರಗಳು ಕಣ್ಣೆದುರು ಕಲಸಿಹೋಗುತ್ತವೆ. ಕಥೆಯಲ್ಲಿ ಅದು ದೇವತೆಯ ಮಗನೆಂಬುದಕ್ಕೆ ಗುರುತು. ದಡ್ಡ ಅನ್ನಿಸಿಕೊಂಡ ಹುಡುಗನಿಗೆ ಆ ಮಾತು ಎಷ್ಟು ಧೈರ್ಯ ಕೊಟ್ಟೀತು!

ಹಾಗೆಂದು ಕಣ್ಣು ಮುಚ್ಚಿ ಎಲ್ಲವನ್ನೂ ಕೈಗಿಡಬೇಕೆಂದಲ್ಲ. ಸಂಪುಟಗಳು ಮುಂದುವರಿದಂತೆ ಕಥೆಯೂ ಕಪ್ಪಾಗುತ್ತದೆ. 'ಹ್ಯಾರಿ ಪಾಟರ್' 1997ರಲ್ಲಿ ಹನ್ನೊಂದರ ಹುಡುಗನ ಕಥೆಯಾಗಿ ಶುರುವಾಯಿತು. 2000ದ ನಾಲ್ಕನೆಯ ಸಂಪುಟದಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯೇ ಆಗುತ್ತದೆ. ಹತ್ತು ವರ್ಷದ ಮಗುವಿಗೆ ಮೊದಲ ಪುಸ್ತಕ ಹಿಡಿಸಿತೆಂದು ಏಳನ್ನೂ ಒಟ್ಟಿಗೆ ತಂದುಕೊಡುವುದು ಜಾಣತನವಲ್ಲ. ಯಾವುದು ಈಗ, ಯಾವುದು ಇನ್ನೆರಡು ವರ್ಷ ಬಿಟ್ಟು ಎಂಬುದನ್ನು ಹೇಳಬೇಕಾದರೆ ದೊಡ್ಡವರೂ ಪುಸ್ತಕ ತೆರೆಯಬೇಕು.

ತೆರೆಯಲು ಪುಲಿಕೇಶಿನಗರದವರಿಗೆ ಹತ್ತಿರದ ಪುಸ್ತಕವೂ ಒಂದಿದೆ. ಪಕ್ಕದ ಟ್ಯಾನರಿ ರಸ್ತೆಯನ್ನು 2016ರಲ್ಲಿ 'ಅಸ್ಮಾರಾಸ್ ಸಮ್ಮರ್' ಕಾದಂಬರಿಗೆ ತಂದ ಬೆಂಗಳೂರಿನ ಲೇಖಕಿ ಅಂದಲೀಬ್ ವಾಜಿದ್, ಅದಕ್ಕೂ ಮೊದಲು 2014ರಲ್ಲಿ ತಮನ್ನಾ ಎಂಬ ಹುಡುಗಿಯ ಕಥಾಸರಣಿ ಆರಂಭಿಸಿದ್ದರು. ಅಟ್ಟದಲ್ಲಿ ಸಿಕ್ಕ ಹಳೆಯ ಫೋಟೋ ಒಂದು ತಮನ್ನಾಳನ್ನು 1982ಕ್ಕೆ ಎಳೆದೊಯ್ಯುತ್ತದೆ. ದೊಡ್ಡವರಾಗಿ ಮಾತ್ರ ಕಂಡಿದ್ದವರನ್ನು ಅವಳು ಅಲ್ಲಿ ಎಳೆಯರಾಗಿ ಕಾಣುತ್ತಾಳೆ. ತಂದೆ-ತಾಯಿಗೂ ಒಂದು ಹರೆಯವಿತ್ತು, ಅವರೂ ಏನನ್ನೋ ಮುಚ್ಚಿಟ್ಟಿದ್ದರು ಎಂಬುದನ್ನು ಮಕ್ಕಳು ಊಹಿಸಲು ಇಷ್ಟು ಸಾಕು.

ಮತ್ತೆ ಆ ಮನೆಗೆ ಬರೋಣ. ಬೈಯುವುದೆಲ್ಲ ಬೈದಾದ ಮೇಲೆ ಅಮ್ಮ ರಾತ್ರಿ ಮೊದಲ ಸಂಪುಟವನ್ನೇ ತೆಗೆದುಕೊಂಡು ಕೂರಲಿ. ಅರ್ಧ ಓದಿದರೂ ಸಾಕು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗಳನ್ನು ಮೂರು ಪ್ರಶ್ನೆ ಕೇಳಲಿ. ಆ ಹುಡುಗಿಯ ಗುಟ್ಟು ಯಾರಿಗೆ ಗೊತ್ತಿತ್ತು? ದೀಪ ಹಚ್ಚಿದ್ದಕ್ಕೆ ಅವಳು ತೆತ್ತದ್ದೇನು? ಅಮ್ಮನಿಗೆ ಮಾತು ಕೇಳಿಸುವಂತಿದ್ದರೆ ಅವಳು ಏನು ಹೇಳುತ್ತಿದ್ದಳು?

ಮೂರನೆಯದಕ್ಕೆ ಉತ್ತರ ಕೂಡಲೇ ಬಾರದಿರಬಹುದು. ಬಂದಾಗ ಅದು ಪುಸ್ತಕದ ಹುಡುಗಿಯ ಮಾತಾಗಿರದೆ, ಭಿನ್ನರಾಶಿ ಬಂದ ದಿನದಿಂದಲೇ ತರಗತಿಯಲ್ಲಿ ತನಗೆ ಏನೂ ತಿಳಿಯುತ್ತಿಲ್ಲ ಎಂಬ ಮಾತೂ ಆಗಿರಬಹುದು. ಆಗ ಅಮ್ಮ ಪುಸ್ತಕ ಮುಚ್ಚಿಟ್ಟು, ಆ ನಾಲ್ಕು ಮಡಿಕೆಯ ಕಾಗದ ಬಿಡಿಸಲಿ. ನಾಲ್ಕನೆಯ ಸಂಪುಟ ಎಲ್ಲಿಗೂ ಓಡಿಹೋಗುವುದಿಲ್ಲ.