ಬೆಳೆ ಕಾಯುವ ಕೋವಿ ಮತ್ತು ‘ಮಿಸ್ ಫೈರ್’ ಎಂಬ ಮಾತು: ಅವಘಡಗಳಿಂದ ಕಲಿಯಬೇಕಾದ ಪಾಠಗಳು



2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹುಡುಗನೊಬ್ಬ ಆಟವಾಡುತ್ತ ಎತ್ತಿಕೊಂಡ ಕೋವಿ ಸಿಡಿದು, ಅಲ್ಲಿ ದುಡಿಯುತ್ತಿದ್ದ ಕುಟುಂಬದ ಪುಟ್ಟ ಮಗುವೊಂದು ಮೃತಪಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ಮಂಗಗಳನ್ನು ಬೆದರಿಸಲು ಇರಿಸಿಕೊಂಡಿದ್ದ ಏರ್‌ಗನ್ ಸಿಡಿದು ಬಾಲಕನೊಬ್ಬ ಅಸುನೀಗಿದನು. ಎರಡೂ ಕಡೆ ಯಾರಿಗೂ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ಎರಡೂ ಕಡೆ ಆಯುಧವು ಮಕ್ಕಳ ಕೈಗೆ ಎಟುಕುವಂತಿತ್ತು.

ಬೇಸಾಯ ವಿಜ್ಞಾನಿಯೊಬ್ಬ ಕೋವಿಯ ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಾಡುಹಂದಿ ಮತ್ತು ಮಂಗಗಳ ಹಾವಳಿಯಿರುವ ಮಲೆನಾಡು, ಕರಾವಳಿ ಹಾಗೂ ಕಾಡಂಚಿನ ಗ್ರಾಮಗಳಲ್ಲಿ ಕೋವಿಯೂ ಗುದ್ದಲಿ, ಸಿಂಪರಣಾ ಯಂತ್ರಗಳಂತೆ ಕೃಷಿ ಉಪಕರಣವೇ ಆಗಿದೆ. ಕೀಟನಾಶಕದ ಸುರಕ್ಷಿತ ಬಳಕೆಯನ್ನು ಬೋಧಿಸುವ ನಾವು ಕೋವಿಯ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲ.

ಮಾತಿನಲ್ಲೇ ಅಡಗಿರುವ ತಪ್ಪು

ಇಂತಹ ಪ್ರತಿಯೊಂದು ಘಟನೆಯ ನಂತರವೂ ‘ಕೋವಿ ಮಿಸ್ ಫೈರ್ ಆಯಿತು’ ಎಂಬ ಮಾತು ಕೇಳಿಬರುತ್ತದೆ. ಮಿಸ್ ಫೈರ್ ಎಂದರೆ ಟ್ರಿಗರ್ ಎಳೆದರೂ ಕೋವಿ ಸಿಡಿಯದಿರುವುದು. ನಾವು ಅದನ್ನು ಸಂಪೂರ್ಣ ವಿರುದ್ಧಾರ್ಥದಲ್ಲಿ ಬಳಸುತ್ತಿದ್ದೇವೆ. ಇದು ಕೇವಲ ಪದದೋಷವಲ್ಲ. ಈ ಮಾತು ತಪ್ಪನ್ನು ಮನುಷ್ಯನಿಂದ ತೆಗೆದು ಕೋವಿಯ ಮೇಲೆ ಹೊರಿಸುತ್ತದೆ. ಕೋವಿಯೇ ತಪ್ಪು ಮಾಡಿದ್ದರೆ ನಾವು ಕಲಿಯಬೇಕಾದದ್ದೇನೂ ಉಳಿಯುವುದಿಲ್ಲ.

ಸವೆದ ಭಾಗಗಳ ಹಳೆಯ ಕೋವಿ ಪೆಟ್ಟು ತಗುಲಿದಾಗ ತಾನಾಗಿ ಸಿಡಿಯುವುದುಂಟು, ನಿಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಮದ್ದು ತುಂಬಿದ ಕೋವಿಯ ಟ್ರಿಗರ್ ಮೇಲೆ ಬೆರಳೋ, ಬಳ್ಳಿಯೋ, ಬಟ್ಟೆಯ ಅಂಚೋ ಬಿದ್ದಿರುತ್ತದೆ. ಆಗ ಕೋವಿಯು ತಾನು ಮಾಡಬೇಕಾದ ಕೆಲಸವನ್ನೇ ಮಾಡುತ್ತದೆ.

ಒಂದು ಸಾವಿಗೆ ಎಷ್ಟು ತಪ್ಪುಗಳು ಬೇಕು?

ಅಮೆರಿಕದ ಕೋವಿ ತರಬೇತುದಾರ ಜೆಫ್ ಕೂಪರ್ ಅವರ ಹೆಸರಿನೊಂದಿಗೆ ಗುರುತಿಸಲಾಗುವ ನಾಲ್ಕು ನಿಯಮಗಳು ಇಂದು ಜಗತ್ತಿನಾದ್ಯಂತ ಬೋಧನೆಯಲ್ಲಿವೆ. ಒಂದು, ಪ್ರತಿಯೊಂದು ಕೋವಿಯೂ ತುಂಬಿದೆ ಎಂದೇ ಭಾವಿಸಬೇಕು. ಎರಡು, ನಾಶವಾಗಬಾರದ ಯಾವುದರ ಕಡೆಗೂ ನಳಿಗೆಯ ಬಾಯಿಯನ್ನು ತಿರುಗಿಸಬಾರದು. ಮೂರು, ಗುರಿ ಹಿಡಿಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬಾರದು. ನಾಲ್ಕು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿರಬೇಕು.

ಈ ನಿಯಮಗಳು ಒಂದಕ್ಕೊಂದು ಆಸರೆಯಾಗಿವೆ. ಬೆರಳು ತಪ್ಪಿ ಟ್ರಿಗರ್ ಎಳೆದರೂ ನಳಿಗೆಯು ನೆಲದತ್ತ ಇದ್ದರೆ ಮಣ್ಣು ಹಾರೀತೇ ಹೊರತು ಪ್ರಾಣ ಹೋಗದು. ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ನಿಯಮಗಳು ಒಟ್ಟಿಗೆ ಮುರಿದಾಗ ಮಾತ್ರ ಸಾವು ಸಂಭವಿಸುತ್ತದೆ. ಆದರೆ ಮಕ್ಕಳಿಗೆ ಈ ನಾಲ್ಕೂ ತಿಳಿದಿರುವುದಿಲ್ಲ. ಆದ್ದರಿಂದ ಮನೆಯಲ್ಲಿ ಐದನೆಯ ನಿಯಮವೊಂದು ಬೇಕೇ ಬೇಕು: ಕೋವಿ ಬೀಗದೊಳಗಿರಬೇಕು. ಮೇಲಿನ ಎರಡೂ ಘಟನೆಗಳಲ್ಲಿ ಕಾಣುವ ಕೊರತೆ ಇದೇ.

ನಮ್ಮ ತೋಟ-ಗದ್ದೆಗಳ ವಿಶೇಷ ಅಪಾಯಗಳು

ತೋಟಾ ಕೋವಿಯನ್ನು ಮಡಚಿ ತೆರೆದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ನಳಿಗೆಯ ಬಾಯಿಯಿಂದ ಮದ್ದು ಜಡಿಯುವ ಕೇಪಿನ ಕೋವಿಯಲ್ಲಿ ಹಾಗೆ ಕಾಣುವುದಿಲ್ಲ. ಕೇಪು ತೆಗೆದರೂ ಒಳಗಿನ ಮದ್ದು ಮತ್ತು ಚರೆ ಹಾಗೆಯೇ ಇರುತ್ತವೆ. ‘ಕೇಪಿಲ್ಲ, ಆದ್ದರಿಂದ ಖಾಲಿ’ ಎಂಬ ನಂಬಿಕೆಯೇ ಅಪಾಯದ ಮೂಲ.

ಕೆಲವು ವರ್ಷಗಳ ಹಿಂದೆ ಭತ್ತದ ಪ್ರಾತ್ಯಕ್ಷಿಕೆಯ ತಾಕು ನೋಡಲು ಮಲೆನಾಡಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಕಾವಲು ಗುಡಿಸಲಿನಲ್ಲಿದ್ದ ಕೋವಿಯನ್ನು ರೈತರು ‘ಖಾಲಿ ಇದೆ ಸಾರ್’ ಎನ್ನುತ್ತ ನನ್ನ ಕೈಗಿತ್ತರು. ನಾನೂ ಪರೀಕ್ಷಿಸದೆ ತೆಗೆದುಕೊಂಡೆ. ಬಳಿಕ ಅವರ ಮಗ ಸರಳು ಇಳಿಸಿ ನೋಡಿದಾಗ ನಳಿಗೆಯಲ್ಲಿ ಹಿಂದಿನ ವಾರ ತುಂಬಿದ ಮದ್ದು ಹಾಗೆಯೇ ಇತ್ತು. ನಾವೆಲ್ಲ ನಕ್ಕು, ಚಹಾ ಕುಡಿದು ಹೊರಟೆವು. ಆ ನಗು ಇಂದಿಗೂ ನನ್ನನ್ನು ಬಾಧಿಸುತ್ತದೆ. ಅಂದು ಕಲಿಯಬಹುದಾಗಿದ್ದ ಪಾಠವನ್ನು ನಾವು ಯಾರೂ ಕಲಿಯಲಿಲ್ಲ, ಇನ್ನೊಬ್ಬರಿಗೆ ಹೇಳಲೂ ಇಲ್ಲ.

ಇದಲ್ಲದೆ ಮಳೆಗಾಲದ ಜಾರುವ ನೆಲ, ಅಗಳು ಮತ್ತು ಬೇಲಿ ದಾಟುವಾಗಿನ ಎಡವುವಿಕೆ, ಬೈಕ್ ಅಥವಾ ಜೀಪಿನ ಕುಲುಕಾಟ, ರಾತ್ರಿ ಕಾವಲಿನ ನಿದ್ರೆಗೇಡು ಮತ್ತು ಮದ್ಯಪಾನ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಕತ್ತಲಲ್ಲಿ ಪೊದೆ ಅಲುಗಿತೆಂದು ಈಡು ಹಾರಿಸುವುದು ಎಲ್ಲಕ್ಕಿಂತ ಘೋರವಾದ ತಪ್ಪು. ಪೊದೆಯ ಆಚೆ ನೆರೆಯ ರೈತನೇ ಇರಬಹುದು. ದಪ್ಪ ಚರೆಯು ಅರ್ಧ ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು ಎಂಬುದನ್ನು ಮರೆಯದಿರಿ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯ್ದೆಯು ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿ ಮತ್ತು ಸುರಕ್ಷಿತ ದಾಸ್ತಾನಿಗೆ ಒತ್ತು ನೀಡಿವೆ. 2019ರ ತಿದ್ದುಪಡಿಯ ಪ್ರಕಾರ, ಪ್ರಾಣಾಪಾಯವಾಗುವಂತೆ ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೋವಿಯ ಪರವಾನಗಿಯು ವನ್ಯಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕಡಿಮೆ ಶಕ್ತಿಯ ಏರ್‌ಗನ್‌ಗೂ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಡವೆಂದರೆ ಎಚ್ಚರಿಕೆ ಬೇಡವೆಂದಲ್ಲ. ಏರ್‌ಗನ್ ಆಟಿಕೆಯಲ್ಲ ಎಂಬುದಕ್ಕೆ ಶಿರಸಿಯ ಘಟನೆಯೇ ಸಾಕ್ಷಿ.

ಪಾಲಿಸಬೇಕಾದ ಕ್ರಮಗಳು

1. ಕೋವಿಯನ್ನು ಖಾಲಿ ಮಾಡಿ ಬೀಗ ಹಾಕಿದ ಬೀರುವಿನಲ್ಲಿಡಿ. ತೋಟಾ, ಮದ್ದು ಮತ್ತು ಕೇಪುಗಳನ್ನು ಬೇರೊಂದು ಬೀಗದಲ್ಲಿಡಿ. ಬೀಗದ ಕೈ ಪರವಾನಗಿದಾರರ ಬಳಿಯೇ ಇರಲಿ. ಗೋಡೆಯ ಮೊಳೆ, ಅಟ್ಟ, ಕಾವಲು ಗುಡಿಸಲು ಸುರಕ್ಷಿತ ಸ್ಥಳಗಳಲ್ಲ.
2. ಕೋವಿ ಕೊಡುವವರು ತೆರೆದು ತೋರಿಸಿ ಕೊಡಬೇಕು. ಪಡೆಯುವವರು ತಾವೂ ಪರೀಕ್ಷಿಸಬೇಕು.
3. ಕೇಪಿನ ಕೋವಿ ಖಾಲಿಯಿರುವಾಗ ಸರಳನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಅದರ ಮೇಲೆ ಗುರುತು ಮಾಡಿಕೊಳ್ಳಿ. ಮುಂದೆ ಎಂದಾದರೂ ಪರೀಕ್ಷಿಸಿದಾಗ ಆ ಗುರುತು ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದೇ ಅರ್ಥ.
4. ಬೇಲಿ, ಹಳ್ಳ, ಏಣಿ ದಾಟುವ ಮೊದಲು ಹಾಗೂ ವಾಹನ ಏರುವ ಮೊದಲು ಕೋವಿಯನ್ನು ಖಾಲಿ ಮಾಡಿ.
5. ಟ್ರಿಗರ್ ಎಳೆದರೂ ಸಿಡಿಯದಿದ್ದರೆ, ಅಂದರೆ ನಿಜವಾದ ಮಿಸ್ ಫೈರ್ ಆದರೆ, ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತೇವಗೊಂಡ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯೊಳಗೆ ಇಣುಕಬೇಡಿ.
6. ಸವೆದ ಕುದುರೆ, ಸಡಿಲ ಟ್ರಿಗರ್, ತುಕ್ಕು ಹಿಡಿದ ನಳಿಗೆಗಳನ್ನು ಪರವಾನಗಿ ಪಡೆದ ದುರಸ್ತಿದಾರರಿಂದಲೇ ಸರಿಪಡಿಸಿ.
7. ಗಾಯವಾದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಚರೆಯನ್ನು ಕೀಳಲು ಹೋಗಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ

ಸಾವು ಸಂಭವಿಸಿದಾಗ ಪೊಲೀಸರು ಬರುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಆದರೆ ಗುಂಡು ಮಾಡಿಗೆ ತಗುಲಿ ಯಾರಿಗೂ ಏನೂ ಆಗದಿದ್ದಾಗ ಮನೆಯವರು ಅದನ್ನು ಮುಚ್ಚಿಡುತ್ತಾರೆ. ನಾಚಿಕೆ ಮತ್ತು ಭಯ ಇದಕ್ಕೆ ಕಾರಣ. ಮುಂದಿನ ಸಾವನ್ನು ತಡೆಯುವ ಪಾಠವಿರುವುದು ಹೀಗೆ ತಪ್ಪಿಹೋದ ಅವಘಡಗಳಲ್ಲೇ. ರೈತ ಸಭೆಗಳಲ್ಲಿ ಹೆಸರು ಕೇಳದೆ ಇಂತಹ ಅನುಭವಗಳನ್ನು ಹೇಳಿಸಿರಿ. ‘ತಪ್ಪು ಯಾರದು?’ ಎಂದು ಕೇಳುವ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಕೋವಿ ತುಂಬಿತ್ತೇಕೆ? ನಳಿಗೆ ಎತ್ತ ತಿರುಗಿತ್ತು? ಟ್ರಿಗರ್‌ಗೆ ಏನು ತಗುಲಿತು? ಆ ಕೈಗೆ ಕೋವಿ ಹೇಗೆ ಸಿಕ್ಕಿತು? ತೋಟದ ಕಾರ್ಮಿಕ ಕುಟುಂಬಗಳನ್ನೂ ಈ ಸಭೆಗಳಿಗೆ ಅವಶ್ಯವಾಗಿ ಕರೆಯಿರಿ. ಕೋವಿ ಮಾಲೀಕರದಾದರೂ ಅದರ ಸುತ್ತ ಆಡುವುದು ಅವರ ಮಕ್ಕಳೇ. ಸೌರ ಬೇಲಿ, ಸಾಮೂಹಿಕ ಕಾವಲು ಮುಂತಾದ ಪರ್ಯಾಯಗಳನ್ನೂ ತಿಳಿಸಿರಿ.

ರೈತ ಬಾಂಧವರೇ, ಹಂದಿ ತುಳಿದ ಗದ್ದೆಯಲ್ಲಿ ಮರುವರ್ಷ ಮತ್ತೆ ನಾಟಿ ಮಾಡಬಹುದು. ಕಳೆದುಕೊಂಡ ಮಗುವಿಗೆ ಮರುವರ್ಷವಿಲ್ಲ. ಇಂದು ಸಂಜೆ ಮನೆಗೆ ಹೋದೊಡನೆ ಕೋವಿ ಎಲ್ಲಿದೆ, ಖಾಲಿಯಿದೆಯೇ, ಬೀಗದ ಕೈ ಯಾರ ಬಳಿಯಿದೆ ಎಂದು ದಯವಿಟ್ಟು ಒಮ್ಮೆ ನೋಡಿರಿ.