ಮೊದಲ ಓದಿನ ಪುಸ್ತಕ: ಗಡಿನಾಡಿನ ಮಗು ಮತ್ತು ಕಲ್ಪನೆಯ ಪ್ರಶ್ನೆ

ಮಕ್ಕಳ ಸಾಹಿತ್ಯವನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಬರೆಯುವವರ ಸುತ್ತಲೇ ನಡೆದಿದೆ. ಬರೆದುದರಲ್ಲಿ ಯಾವುದನ್ನು ಆರೇಳು ವರ್ಷದ ಮಗುವಿನ ಕೈಗೆ ಕೊಡಬೇಕೆಂಬ ಆಯ್ಕೆಯ ಪ್ರಶ್ನೆ ಅಷ್ಟಾಗಿ ವಿಮರ್ಶೆಯ ವಸ್ತುವಾಗಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂತಹ ಊರುಗಳಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ.

1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು; ಆಡಳಿತ ಮತ್ತು ಶಿಕ್ಷಣದಲ್ಲಿ ಉರ್ದುವಿಗೆ ಅಗ್ರಸ್ಥಾನವಿತ್ತು. 1956ರಲ್ಲಿ ಅದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿನ ಮನೆಗಳಲ್ಲಿ ಕನ್ನಡದೊಂದಿಗೆ ಮರಾಠಿ, ದಖನಿ, ಲಂಬಾಣಿ ಭಾಷೆಗಳು ಇಂದಿಗೂ ಬಳಕೆಯಲ್ಲಿವೆ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಶಾಲೆ ಕೊಡುವ ಮೊದಲ ಪುಸ್ತಕವೇ ಓದೆಂದರೇನು ಎಂಬುದರ ವ್ಯಾಖ್ಯೆಯಾಗುತ್ತದೆ. ಆ ಪುಸ್ತಕ ಸಪ್ಪೆಯಾದರೆ ಓದೇ ಸಪ್ಪೆಯೆಂದು ಮಗು ತಿಳಿಯುತ್ತದೆ.

ಆಯ್ಕೆಯಲ್ಲಿ ಸಾಮಾನ್ಯವಾಗಿ ಎರಡು ಮಾನದಂಡಗಳು ಕಾಣುತ್ತವೆ: ಅಕ್ಷರದ ಸರಳತೆ ಮತ್ತು ನೀತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಗೊಂಡ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು, ಸುಲಭವಾಗಿ ಬರೆಯಬಲ್ಲ ಅಕ್ಷರಗಳಿಂದ ಕಲಿಕೆಯನ್ನು ತೊಡಗಿಸಿತು. ಅಕ್ಷರಾಭ್ಯಾಸಕ್ಕೆ ಇದು ಉಚಿತವೇ. ಆದರೆ ಅದೇ ನಿಯಮವನ್ನು ಕಥೆಪುಸ್ತಕಕ್ಕೂ ಹೇರಿದಾಗ ‘ಕಮಲ ಸರ ತಾ, ಬಸವ ಮರ ನೋಡು’ ಎಂಬ ಬಗೆಯ ವಾಕ್ಯಗಳು ಹುಟ್ಟುತ್ತವೆ. ಬಸವನು ಮರವನ್ನೇಕೆ ನೋಡಬೇಕು, ಮರದ ಮೇಲೆ ಏನಿತ್ತು ಎಂಬ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲ. ಅವ್ವ, ಅಪ್ಪ, ಅಜ್ಜಿ, ರೊಟ್ಟಿ, ಬೆಕ್ಕು, ಗುಬ್ಬಿ: ಮಗುವಿಗೆ ಅತ್ಯಂತ ಆಪ್ತವಾದ ಈ ಪದಗಳೆಲ್ಲ ಒತ್ತಕ್ಷರದವು. ಒತ್ತಕ್ಷರವನ್ನು ವರ್ಜಿಸಿದ ಪುಸ್ತಕವು ಮಗುವಿನ ಲೋಕವನ್ನೇ ವರ್ಜಿಸುತ್ತದೆ.

ನೀತಿಯ ಮಾತೂ ಇಂತಹುದೇ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮೊದಲಾದವರು ಮಕ್ಕಳಿಗೆ ಮೊದಲು ಕೊಟ್ಟದ್ದು ಲಯವನ್ನು, ನಗುವನ್ನು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಕೊಟ್ಟ ಮಾತಿಗೆ ತಪ್ಪಬಾರದೆಂಬ ನೀತಿಯಿದೆ. ಆದರೆ ಮಗುವನ್ನು ಹಿಡಿದು ನಿಲ್ಲಿಸುವುದು ಇಲಿಗಳ ದಂಡು ಮತ್ತು ಜೋಗಿಯ ಕಿಂದರಿ. ನೀತಿಯು ಕಥೆಯೊಳಗಿನಿಂದ ಬಂದರೆ ಅನುಭವ. ಕೊನೆಗೆ ಅಂಟಿಸಿದರೆ ಅಪ್ಪಣೆ.

ಗಡಿನಾಡಿನ ಮಗುವಿಗೆ ಅದರ ಪರಿಸರದ ಕಥೆಯೇ ಬೇಕೆಂಬ ವಾದವುಂಟು. ಜೋಳದ ಹೊಲ, ತೊಗರಿಯ ರಾಶಿ ಪುಸ್ತಕದಲ್ಲಿ ಕಾಣಬೇಕಾದುದು ನ್ಯಾಯವೇ. ಆದರೆ ಮುಡಬಿಯ ಮಗು ಕಡಲನ್ನು ಕಂಡಿಲ್ಲವೆಂದು ಕಡಲಿನ ಕಥೆಯನ್ನು ನಿರಾಕರಿಸುವುದಿಲ್ಲ. ಕಿಂದರಿಜೋಗಿಯ ಕಥೆಯೂ ಜರ್ಮನಿಯ ಹ್ಯಾಮೆಲಿನ್ ಊರಿನ ದಂತಕಥೆ. ಬ್ರೌನಿಂಗನ ಇಂಗ್ಲಿಷ್ ಕವಿತೆಯ ಮೂಲಕ ಕನ್ನಡಕ್ಕೆ ಬಂದುದು. ಅಪರಿಚಿತ ವಸ್ತು ಕಲ್ಪನೆಗೆ ಆಹಾರ. ಅಪರಿಚಿತ ವಾಕ್ಯರಚನೆ ಮಾತ್ರ ಓದಿಗೆ ತಡೆ. ಆದ್ದರಿಂದ ವಾಕ್ಯ ಚಿಕ್ಕದಾಗಿರಬೇಕು, ಮರಳಿ ಮರಳಿ ಬರಬೇಕು, ಆಡುಮಾತಿಗೆ ಸಮೀಪವಿರಬೇಕು. ಚಿತ್ರವು ಅರ್ಥಕ್ಕೆ ಆಸರೆಯಾಗಬೇಕು. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಒಂದೇ ಚಿತ್ರಕಥೆಯನ್ನು ಕನ್ನಡ, ಮರಾಠಿ, ಉರ್ದು ಭಾಷೆಗಳಲ್ಲಿ ಒದಗಿಸುತ್ತ ಬಂದಿದೆ. ಮನೆಮಾತಿನಲ್ಲಿ ಒಮ್ಮೆ ಕೇಳಿದ ಕಥೆಯನ್ನು ಕನ್ನಡದಲ್ಲಿ ಓದುವ ಮಗುವಿಗೆ ಭಯವಿರುವುದಿಲ್ಲ. ಲಂಬಾಣಿ ಮಗುವಿಗೆ ಈ ಸೌಲಭ್ಯವನ್ನು ಶಿಕ್ಷಕರು, ಹಿರಿಯರು ಬಾಯಿಮಾತಿನಿಂದ ಕಲ್ಪಿಸಬಹುದು.

ಆಯ್ಕೆಯ ಪರೀಕ್ಷೆ ಕಷ್ಟದ್ದಲ್ಲ. ಶಿಕ್ಷಕರು ಪುಸ್ತಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ನಡುವೆ ಮುಚ್ಚಿಡಲಿ. ‘ಮುಂದ ಏನಾತು?’ ಎಂದು ಮಕ್ಕಳು ಕೇಳಿದರೆ ಅದು ಕೊಳ್ಳತಕ್ಕ ಪುಸ್ತಕ. ಮೌನವಾಗಿದ್ದರೆ, ಅದರ ನೀತಿ ಎಷ್ಟೇ ಉದಾತ್ತವಾಗಿರಲಿ, ಕಪಾಟಿನಲ್ಲೇ ಉಳಿಯುತ್ತದೆ. ಮಕ್ಕಳನ್ನು ಕಾಣದವರು ದೂರದಲ್ಲಿ ಕುಳಿತು ಮಾಡುವ ಪಟ್ಟಿಗೆ ಈ ಪರೀಕ್ಷೆ ಸಾಧ್ಯವಿಲ್ಲ. ಆದುದರಿಂದ ಶಾಲೆಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಬರುವ ಮಕ್ಕಳ ಪುಸ್ತಕಗಳ ಆಯ್ಕೆಯಲ್ಲಿ ಸ್ಥಳೀಯ ಶಿಕ್ಷಕರ ಮಾತು ನಡೆಯಬೇಕು.

ಹನ್ನೆರಡನೆಯ ಶತಮಾನದಲ್ಲಿ ಜನರ ಆಡುಮಾತು ವಚನವಾದದ್ದು ಇದೇ ಕಲ್ಯಾಣದ ನೆಲದಲ್ಲಿ. ಇಲ್ಲಿನ ಮಕ್ಕಳ ಮೊದಲ ಪುಸ್ತಕವು ಅವರ ಮಾತಿಗೂ ಕನಸಿಗೂ ಹೊರಗಿನದಾಗಿ ಉಳಿಯುವುದು ಆ ಪರಂಪರೆಗೆ ಒಪ್ಪುವಂಥದಲ್ಲ.